ಓಟದ ಪರೀಕ್ಷೆಗೆ ಸಿದ್ಧರಾಗುತ್ತಿರುವ ಅಭ್ಯರ್ಥಿಗಳಲ್ಲಿ ಕಾಲುನೋವು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪೊಲೀಸ್, ಕೇಂದ್ರ ಸಶಸ್ತ್ರ ಪಡೆಗಳು, ಭೂಸೇನೆ ಮುಂತಾದ ಸಮವಸ್ತ್ರ ಸೇವೆಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಲಿಖಿತ ಪರೀಕ್ಷೆಯೊಂದಿಗೆ ಓಟದ ಪರೀಕ್ಷೆಯಲ್ಲಿಯೂ ಅರ್ಹತೆ ಪಡೆಯಬೇಕಾಗಿರುತ್ತದೆ. ಅಧಿಸೂಚನೆ ಹೊರಬಿದ್ದ ಕೂಡಲೇ ತಾಲ್ಲೂಕು ಕ್ರೀಡಾಂಗಣಗಳಲ್ಲಿ, ಕಾಲೇಜು ಮೈದಾನಗಳಲ್ಲಿ, ಮೈದಾನವಿಲ್ಲದ ಊರುಗಳಲ್ಲಿ ಡಾಂಬರು ರಸ್ತೆಯ ಮೇಲೆ, ಬೆಳಗಿನ ಐದು ಗಂಟೆಗೇ ಓಟ ಆರಂಭವಾಗುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಅನೇಕರಿಗೆ ಕಾಲಿನಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ನೋವು ತೀವ್ರವಾಗಿರುವುದಿಲ್ಲ, ಆದರೆ ಬಿಡುವುದೂ ಇಲ್ಲ. ಓಡಲು ಆರಂಭಿಸಿದಾಗ ಇರುತ್ತದೆ, ಮೈ ಕಾದ ನಂತರ ಮರೆಯಾಗುತ್ತದೆ, ಮರುದಿನ ಹಾಸಿಗೆಯಿಂದ ಇಳಿದಾಗ ಮತ್ತೆ ಹಾಜರಾಗುತ್ತದೆ.

ಇಂತಹ ನೋವನ್ನು ಸಹಿಸಿಕೊಂಡು ಓಡಬಹುದೇ ಅಥವಾ ನಿಲ್ಲಿಸಬೇಕೇ ಎಂಬುದು ಅಭ್ಯರ್ಥಿಯ ಪಾಲಿಗೆ ಸಣ್ಣ ಪ್ರಶ್ನೆಯಲ್ಲ. ಓಟದ ಪರೀಕ್ಷೆಗೆ ಸಾಮಾನ್ಯವಾಗಿ ಒಂದೇ ಅವಕಾಶವಿರುತ್ತದೆ. ವಯೋಮಿತಿ ಹತ್ತಿರವಾಗಿದ್ದವರಿಗೆ ಮುಂದಿನ ಅಧಿಸೂಚನೆಯ ಭರವಸೆಯೂ ಇರುವುದಿಲ್ಲ. ಆದುದರಿಂದ ಸದರಿ ವಿಷಯದ ಬಗ್ಗೆ ಅಭ್ಯರ್ಥಿಗಳು ಮತ್ತು ಅವರ ಪೋಷಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ಈ ಮಾಹಿತಿಯು ವೈದ್ಯರ ತಪಾಸಣೆಗೆ ಬದಲಿಯಲ್ಲ.

ಓಟದ ಮಾನದಂಡಗಳು

ರಾಜ್ಯದ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗಳಿಗೆ ಈ ಹಿಂದೆ ಹೊರಡಿಸಲಾದ ಅಧಿಸೂಚನೆಗಳಲ್ಲಿ ಪುರುಷ ಅಭ್ಯರ್ಥಿಗಳಿಗೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ, ಮಹಿಳಾ ಅಭ್ಯರ್ಥಿಗಳಿಗೆ 400 ಮೀಟರ್ ಓಟವನ್ನು 2 ನಿಮಿಷಗಳಲ್ಲಿ ಪೂರೈಸುವಂತೆ ನಿಗದಿಪಡಿಸಲಾಗಿತ್ತು. ಸಿಬ್ಬಂದಿ ಆಯ್ಕೆ ಆಯೋಗವು ಕೇಂದ್ರ ಪಡೆಗಳ ಕಾನ್ಸ್‌ಟೇಬಲ್ ಹುದ್ದೆಗಳಿಗೆ ನಡೆಸಿರುವ ನೇಮಕಾತಿಗಳಲ್ಲಿ ಪುರುಷರಿಗೆ 5 ಕಿ.ಮೀ. ಓಟಕ್ಕೆ 24 ನಿಮಿಷ, ಮಹಿಳೆಯರಿಗೆ 1.6 ಕಿ.ಮೀ. ಓಟಕ್ಕೆ ಎಂಟೂವರೆ ನಿಮಿಷ ಎಂದಿತ್ತು. 2022ರಲ್ಲಿ ಆರಂಭವಾದ ಅಗ್ನಿವೀರ್ ನೇಮಕಾತಿ ರ‍್ಯಾಲಿಗಳಲ್ಲಿ 1.6 ಕಿ.ಮೀ. ಓಟಕ್ಕೆ ಅಂಕಗಳಿದ್ದು, 5 ನಿಮಿಷ 30 ಸೆಕೆಂಡುಗಳ ಒಳಗೆ ಗುರಿ ಮುಟ್ಟಿದವರಿಗೆ ಪೂರ್ಣ 60 ಅಂಕ ದೊರೆಯುತ್ತಿತ್ತು. ಆಯಾ ನೇಮಕಾತಿಗೆ ಆಯಾ ಅಧಿಸೂಚನೆಯಲ್ಲಿ ನಮೂದಿಸಿರುವ ಮಾನದಂಡವೇ ಅಂತಿಮವಾಗಿರುತ್ತದೆ.

ಈ ಅಂಕಿಗಳನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳಿತು. 1600 ಮೀಟರ್ ಎಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. 6 ನಿಮಿಷ 30 ಸೆಕೆಂಡಿಗೆ ಪ್ರತಿ ಸುತ್ತಿಗೆ 97.5 ಸೆಕೆಂಡು ಸಿಗುತ್ತದೆ. ಈ ವೇಗದಲ್ಲಿ ಓಡುವವರು ಒಟ್ಟು ಸುಮಾರು 1100ರಿಂದ 1200 ಹೆಜ್ಜೆ ಇಡುತ್ತಾರೆ. ಪ್ರತಿ ಹೆಜ್ಜೆಯಲ್ಲಿ ಒಂದೇ ಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. 60 ಕಿಲೋ ತೂಕದ ಅಭ್ಯರ್ಥಿಯಾದರೆ ಪ್ರತಿ ಬಾರಿಯೂ 120ರಿಂದ 180 ಕಿಲೋ ಭಾರ. ಪರೀಕ್ಷೆಯ ದಿನದ ಏಳು ನಿಮಿಷದೊಳಗಿನ ಓಟವನ್ನು ಬಹುತೇಕ ಆರೋಗ್ಯವಂತ ಕಾಲುಗಳು ತಡೆಯುತ್ತವೆ. ತೊಂದರೆ ಬರುವುದು ಅದಕ್ಕೆ ಮುಂಚಿನ ಎರಡು ಮೂರು ತಿಂಗಳ ಅಭ್ಯಾಸದಲ್ಲಿ.

ನೋವು ಬರಲು ಕಾರಣ

ಮೂಳೆಯು ಕಲ್ಲಿನಂತೆ ನಿರ್ಜೀವ ವಸ್ತುವಲ್ಲ. ಅದರಲ್ಲಿ ಪ್ರತಿನಿತ್ಯ ಜಮಾ-ಖರ್ಚು ನಡೆಯುತ್ತಿರುತ್ತದೆ. ಹೊಸ ಭಾರ ಬಿದ್ದಾಗ ದೇಹವು ಸವೆದ ಭಾಗವನ್ನು ಮೊದಲು ಕರಗಿಸಿ ತೆಗೆಯುತ್ತದೆ, ಆ ನಂತರ ಅಲ್ಲಿ ಹೊಸ ಮೂಳೆಯನ್ನು ಕಟ್ಟುತ್ತದೆ. ತೆಗೆಯುವ ಕೆಲಸ ಎರಡು ಮೂರು ವಾರಗಳಲ್ಲಿ ಮುಗಿದರೆ ಕಟ್ಟುವ ಕೆಲಸಕ್ಕೆ ಸುಮಾರು ಮೂರು ತಿಂಗಳು ಬೇಕು. ಅಂದರೆ ಖರ್ಚು ಮೊದಲು ಬೀಳುತ್ತದೆ, ಜಮೆ ತಡವಾಗಿ ಬರುತ್ತದೆ. ಅಭ್ಯಾಸ ಆರಂಭಿಸಿದ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ, ಉಸಿರು ಹದಕ್ಕೆ ಬಂದು ಉತ್ಸಾಹ ಏರುತ್ತಿರುವ ಹೊತ್ತಿನಲ್ಲಿಯೇ, ಕಾಲಿನ ಮೂಳೆ ಎಂದಿಗಿಂತ ದುರ್ಬಲವಾಗಿರುವ ಸಾಧ್ಯತೆ ಇದೆ. ಹೃದಯ ಮತ್ತು ಶ್ವಾಸಕೋಶ ಬೇಗ ಕಲಿಯುತ್ತವೆ, ಮೂಳೆ ಮತ್ತು ಸ್ನಾಯುರಜ್ಜು ನಿಧಾನವಾಗಿ ಕಲಿಯುತ್ತವೆ ಎಂಬ ಒಂದು ಅಂಶವನ್ನು ನೆನಪಿಟ್ಟರೆ ಈ ಲೇಖನದ ಉಳಿದ ಭಾಗ ಸುಲಭವಾಗಿ ಅರ್ಥವಾಗುತ್ತದೆ.

ಇದು ಹೊಸ ಸಂಗತಿಯೂ ಅಲ್ಲ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯರು ದೀರ್ಘ ನಡಿಗೆಯ ನಂತರ ಸೈನಿಕರ ಪಾದಗಳಲ್ಲಿ ಕಾಣಿಸುತ್ತಿದ್ದ ಬಾವು ಮತ್ತು ನೋವನ್ನು ದಾಖಲಿಸಿದರು. 1895ರಲ್ಲಿ ಎಕ್ಸ್-ರೇ ಕಂಡುಹಿಡಿಯಲ್ಪಟ್ಟ ನಂತರವಷ್ಟೇ ಅದು ಪಾದದ ಮೂಳೆಯ ಸೂಕ್ಷ್ಮ ಬಿರುಕು ಎಂಬುದು ಖಚಿತವಾಯಿತು. ಸೇನೆಗೆ ಹೊಸದಾಗಿ ಸೇರಿದವರಲ್ಲಿ ಕಾಣಿಸುತ್ತಿದ್ದ ಅದೇ ತೊಂದರೆ ಇಂದು ಸೇರಲು ಬಯಸುವವರಲ್ಲಿಯೂ ಕಾಣಿಸುತ್ತಿದೆ.

ನೋವಿನ ಸ್ಥಳವನ್ನು ಗುರುತಿಸುವುದು

ಕಾಲುನೋವು ಎಂಬ ಒಂದೇ ಹೆಸರಿನಡಿ ಹಲವು ಬಗೆಯ ತೊಂದರೆಗಳಿವೆ. ಕೆಲವನ್ನು ಇಟ್ಟುಕೊಂಡು ಎಚ್ಚರಿಕೆಯಿಂದ ಓಡಬಹುದು, ಕೆಲವನ್ನು ಇಟ್ಟುಕೊಂಡು ಒಂದು ಸುತ್ತೂ ಓಡಬಾರದು. ಆದ್ದರಿಂದ ನೋವು ಎಲ್ಲಿದೆ, ಯಾವಾಗ ಬರುತ್ತದೆ ಎಂಬುದನ್ನು ಮೊದಲು ನಿಖರವಾಗಿ ತಿಳಿಯಬೇಕು.

ಅಭ್ಯರ್ಥಿಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಮೊಣಕಾಲಿಗೂ ಪಾದಕ್ಕೂ ನಡುವೆ ಇರುವ ದೊಡ್ಡ ಮೂಳೆಯ ನೋವು. ವೈದ್ಯರು ಇದನ್ನು ಟಿಬಿಯಾ ಎನ್ನುತ್ತಾರೆ. ಈ ಮೂಳೆಯ ಒಳ ಅಂಚಿನಲ್ಲಿ, ಕೆಳಭಾಗದಲ್ಲಿ, ಐದು ಸೆಂಟಿಮೀಟರಿಗೂ ಹೆಚ್ಚು ಉದ್ದಕ್ಕೆ ಒತ್ತಿದಲ್ಲೆಲ್ಲಾ ನೋಯುತ್ತಿದ್ದರೆ ಅದು ಬಹುಮಟ್ಟಿಗೆ ತರಬೇತುದಾರರು ಶಿನ್ ಸ್ಪ್ಲಿಂಟ್ ಎಂದು ಕರೆಯುವ ತೊಂದರೆ. ಓಟದ ಆರಂಭದಲ್ಲಿ ನೋವು, ಮೈ ಕಾದಂತೆ ಕಡಿಮೆ, ನಿಲ್ಲಿಸಿದ ಮೇಲೆ ಮತ್ತೆ ಸೆಳೆತ: ಇದು ಅದರ ಲಕ್ಷಣ. ಅಭ್ಯಾಸವನ್ನು ತಗ್ಗಿಸಿದರೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ.

ಇದಕ್ಕೆ ಬದಲಾಗಿ ನೋವು ಒಂದೇ ಜಾಗದಲ್ಲಿ ನೆಲೆಸಿದ್ದು, ಬೆರಳಿನ ತುದಿಯಿಂದ ಆ ಬಿಂದುವನ್ನು ತೋರಿಸಬಹುದಾಗಿದ್ದರೆ, ಓಡಿದಂತೆಲ್ಲಾ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದ್ದರೆ, ನಡೆಯುವಾಗಲೂ ಬರುತ್ತಿದ್ದರೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ, ಮೂಳೆಯಲ್ಲಿ ಬಿರುಕು ಬಿಟ್ಟಿರುವ ಶಂಕೆ ಇದೆ. ಇಂತಹ ಸಂದರ್ಭದಲ್ಲಿ ಓಟವನ್ನು ಅದೇ ದಿನ ನಿಲ್ಲಿಸತಕ್ಕದ್ದು. ಶಿನ್ ಸ್ಪ್ಲಿಂಟ್ ಎಂದು ಭಾವಿಸಿ ಓಡುತ್ತಾ ಹೋದ ಬಿರುಕು ಪೂರ್ಣ ಮುರಿತವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಸಾಕಷ್ಟಿವೆ. ವಿಶೇಷವಾಗಿ ಮೂಳೆಯ ಒಳ ಅಂಚಿನಲ್ಲಲ್ಲದೆ ನೇರ ಮುಂಭಾಗದ ಏಣಿನ ಮೇಲೆ, ಮಧ್ಯದಲ್ಲಿ, ಒಂದೇ ಬಿಂದುವಿನಲ್ಲಿ ನೋವಿದ್ದರೆ ಅದು ಬೇಗ ಕೂಡಿಕೊಳ್ಳದ ಬಿರುಕಾಗಿರಬಹುದು.

ತೊಡೆಸಂದಿನ ನೋವನ್ನು ಅಭ್ಯರ್ಥಿಗಳು ಸಾಮಾನ್ಯವಾಗಿ ನರ ಎಳೆದಿದೆ ಎಂದು ಹೇಳಿ ತಳ್ಳಿಹಾಕುತ್ತಾರೆ. ಅನೇಕ ಬಾರಿ ಅದು ಸ್ನಾಯುವಿನ ಸೆಳೆತವೇ ಆಗಿರುತ್ತದೆ. ಆದರೆ ಓಡುವಾಗ ಸಂದಿನ ಆಳದಲ್ಲಿ ನೋವು ಬಂದು, ಆ ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಹೆಚ್ಚಾದರೆ, ತೊಡೆಮೂಳೆಯ ಕತ್ತಿನ ಭಾಗದಲ್ಲಿ ಬಿರುಕಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಈ ಲೇಖನದಲ್ಲಿ ಹೇಳಿರುವ ಎಲ್ಲಾ ತೊಂದರೆಗಳ ಪೈಕಿ ಇದು ಅತ್ಯಂತ ಅಪಾಯಕಾರಿ. ಬಿರುಕು ಮುರಿತವಾಗಿ ಜರುಗಿದರೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ, ಸೊಂಟದ ಕೀಲಿಗೆ ರಕ್ತ ಪೂರೈಕೆ ಕಡಿದುಹೋಗಬಹುದು. ಇಲ್ಲಿ ಕಳೆದುಕೊಳ್ಳುವುದು ಒಂದು ನೇಮಕಾತಿಯನ್ನು ಮಾತ್ರವಲ್ಲ.

ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಂದರೆ ಅಕಿಲಿಸ್, ಬೆಳಗ್ಗೆ ಎದ್ದಾಗ ಬಿಗಿದುಕೊಂಡು ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದು ಇನ್ನೊಂದು ಸಾಮಾನ್ಯ ದೂರು. ಇದಕ್ಕೆ ಸಂಪೂರ್ಣ ವಿಶ್ರಾಂತಿಗಿಂತ ನಿಯಮಿತ ವ್ಯಾಯಾಮವೇ ಮದ್ದು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು 1998ರಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ಮೊಣಕಾಲು ನೇರವಾಗಿಟ್ಟು 15ರಂತೆ ಮೂರು ಸರದಿ, ಮೊಣಕಾಲು ಸ್ವಲ್ಪ ಮಡಿಸಿ ಮೂರು ಸರದಿ, ದಿನಕ್ಕೆ ಎರಡು ಬಾರಿ, 12 ವಾರ. ಪರೀಕ್ಷೆಗೆ ಹತ್ತು ದಿನ ಉಳಿದಿರುವಾಗ ಆರಂಭಿಸುವ ಚಿಕಿತ್ಸೆ ಇದಲ್ಲವೆಂಬುದು ಸ್ಪಷ್ಟ. ಚೀನಾದ ಹರ್ಡಲ್ಸ್ ಓಟಗಾರ ಲಿಯು ಶಿಯಾಂಗ್ ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಅಕಿಲಿಸ್ ತೊಂದರೆಯಿಂದಾಗಿ 2008ರಲ್ಲಿ ತಮ್ಮದೇ ದೇಶದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಓಟಕ್ಕೆ ಮೊದಲೇ ಹಿಂದೆ ಸರಿಯಬೇಕಾಯಿತು. 2012ರಲ್ಲಿ ಲಂಡನ್ನಿನಲ್ಲಿ ಮೊದಲ ಹರ್ಡಲ್‌ನಲ್ಲಿಯೇ ಬಿದ್ದರು. ಅತ್ಯುತ್ತಮ ವೈದ್ಯರ ತಂಡವಿದ್ದವರಿಗೂ ಈ ರಜ್ಜು ಸುಲಭವಾಗಿ ಬಗ್ಗಲಿಲ್ಲ.

ಮೊಣಕಾಲಿನ ಚಿಪ್ಪಿನ ಸುತ್ತಲಿನ ನೋವು, ಮೊಣಕಾಲಿನ ಹೊರಬದಿಯ ಉರಿ, ಹಿಂದೊಡೆಯ ಸೆಳೆತ, ಅಂಗಾಲಿನ ನೋವು ಇವೆಲ್ಲವೂ ಸಾಮಾನ್ಯವಾಗಿ ಅಭ್ಯಾಸದ ಪ್ರಮಾಣವನ್ನು ತಗ್ಗಿಸಿ ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸಿದರೆ ಹತೋಟಿಗೆ ಬರುತ್ತವೆ.

ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ದೂರ ಓಡಿದ ಮೇಲೆ ಮೀನಖಂಡ ಕಲ್ಲಿನಂತೆ ಬಿಗಿದು, ನಿಂತ ಹತ್ತು ಹದಿನೈದು ನಿಮಿಷಗಳಲ್ಲಿ ಸಂಪೂರ್ಣ ಸರಿಹೋಗುವುದು ಬೇರೆಯೇ ತೊಂದರೆ; ಅದಕ್ಕೆ ತಜ್ಞರ ಪರೀಕ್ಷೆ ಬೇಕು. ಒಂದೇ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದಾದ ಕಾರಣ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಓಡಬಹುದೇ, ನಿಲ್ಲಿಸಬೇಕೇ

ಮೂಳೆಯ ನೋವಿಗೂ ಸ್ನಾಯು ಹಾಗೂ ರಜ್ಜುವಿನ ನೋವಿಗೂ ನಿಯಮ ಬೇರೆ ಬೇರೆ. ಸ್ನಾಯುರಜ್ಜಿನ ತೊಂದರೆಯಲ್ಲಿ ಸ್ವಲ್ಪ ನೋವಿನೊಂದಿಗೆ ವ್ಯಾಯಾಮ ಮುಂದುವರಿಸಬಹುದೆಂದು ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದಾಗ ಅದು ಐದನ್ನು ಮೀರಬಾರದು, ಮರುದಿನ ಬೆಳಗ್ಗೆ ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರುತ್ತಾ ಹೋಗಬಾರದು. ಈ ಮೂರರಲ್ಲಿ ಎರಡನೆಯದೇ ಹೆಚ್ಚು ಉಪಯುಕ್ತವೆನ್ನಬಹುದು. ಓಡುವ ಹೊತ್ತಿನಲ್ಲಿ ಉತ್ಸಾಹವು ನೋವನ್ನು ಮರೆಮಾಚುತ್ತದೆ, ಮರುದಿನ ಬೆಳಗಿನ ಮೊದಲ ಹತ್ತು ಹೆಜ್ಜೆಗಳು ಮರೆಮಾಚುವುದಿಲ್ಲ.

ಮೂಳೆಯ ಬಿರುಕಿನ ಶಂಕೆ ಇರುವಲ್ಲಿ ಈ ಐದರ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಸೊನ್ನೆಯೊಂದೇ ನಿಯಮ. ಹಾಗೆಯೇ ಕುಂಟುತ್ತಾ ಓಡುವುದನ್ನು ಯಾವುದೇ ತೊಂದರೆಯಲ್ಲಿಯೂ ಮಾಡಕೂಡದು. ಕುಂಟಿದಾಗ ಭಾರವು ಇನ್ನೊಂದು ಕಾಲಿಗೆ ವರ್ಗವಾಗಿ ಎರಡನೆಯ ಗಾಯಕ್ಕೆ ದಾರಿಯಾಗುತ್ತದೆ.

ನೋವು ನಿವಾರಕ ಮಾತ್ರೆಗಳ ಬಗ್ಗೆ

ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ಅಥವಾ ಅಂತಹ ಮಾತ್ರೆ ತಂದು ನುಂಗಿ ಮೈದಾನಕ್ಕಿಳಿಯುವ ರೂಢಿ ಅಭ್ಯರ್ಥಿಗಳಲ್ಲಿ ಸಾಕಷ್ಟಿದೆ. ಮಾತ್ರೆಯು ನೋವನ್ನು ತಗ್ಗಿಸುತ್ತದೆ, ಬಿರುಕನ್ನು ಬೆಸೆಯುವುದಿಲ್ಲ. ನಿಲ್ಲಿಸು ಎಂದು ಹೇಳುವ ಸೂಚನೆಯೊಂದೇ ಇಲ್ಲವಾಗುತ್ತದೆ. ಅಲ್ಲದೆ ಖಾಲಿ ಹೊಟ್ಟೆಯಲ್ಲಿ ಇವುಗಳ ಸೇವನೆಯಿಂದ ಜಠರದಲ್ಲಿ ಹುಣ್ಣು, ರಕ್ತಸ್ರಾವ ಉಂಟಾಗಬಹುದು. ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಗಳಿಗೆ ಹಾನಿಯಾಗುವ ಅಪಾಯವೂ ಇದೆ. ಉದ್ದೀಪನ ಮದ್ದುಗಳ ವಿಷಯವನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ಮೈದಾನದ ಬಳಿ ಯಾರಾದರೂ ನೀಡುವ ಹೆಸರಿಲ್ಲದ ಚುಚ್ಚುಮದ್ದನ್ನು ಎಂದಿಗೂ ತೆಗೆದುಕೊಳ್ಳಬಾರದು.

ಎಣ್ಣೆ ಹಚ್ಚಿ ತಿಕ್ಕಿಸುವುದು ದಣಿದ ಸ್ನಾಯುವಿಗೆ ಹಿತ ನೀಡುತ್ತದೆ, ಅದಕ್ಕೆ ಆಕ್ಷೇಪವಿಲ್ಲ. ಒಂದೇ ಬಿಂದುವಿನಲ್ಲಿ ನೋಯುವ ಮೂಳೆಯ ಮೇಲೆ ಬಲವಾಗಿ ತಿಕ್ಕಿಸುವುದಾಗಲಿ ಹುಳುಕು ತೆಗೆಯುತ್ತೇವೆಂದು ಎಳೆಯುವುದಾಗಲಿ ಸಲ್ಲದು.

ವೈದ್ಯಕೀಯ ತಪಾಸಣೆ

ಎರಡು ವಾರ ಓಟ ತಗ್ಗಿಸಿದರೂ ಬಿಡದ ನೋವು, ರಾತ್ರಿಯ ನೋವು, ಬಾವು, ಒಂದೇ ಬಿಂದುವಿನ ನೋವು, ತೊಡೆಸಂದಿನ ನೋವು ಇದ್ದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮೂಳೆ ರೋಗ ವಿಭಾಗದ ಹೊರರೋಗಿ ಘಟಕವನ್ನು ಸಂಪರ್ಕಿಸಬೇಕು. ಕೊನೆಯ ಎರಡಕ್ಕೆ ಎರಡು ವಾರ ಕಾಯುವ ಅಗತ್ಯವಿಲ್ಲ.

ಇಲ್ಲಿ ಅಭ್ಯರ್ಥಿಗಳು ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮೂಳೆಯ ಸೂಕ್ಷ್ಮ ಬಿರುಕು ಮೊದಲ ಎರಡು ಮೂರು ವಾರ ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣಿಸದೇ ಇರಬಹುದು. ಎಕ್ಸ್-ರೇ ಸರಿಯಾಗಿದೆ ಎಂಬ ಒಂದು ಮಾತನ್ನು ಹಿಡಿದು ಮರುದಿನವೇ ಓಟ ಆರಂಭಿಸಿದವರು ಆ ಚಿತ್ರದಲ್ಲಿ ಏನೂ ಕಾಣಲಿಲ್ಲ ಎಂಬುದನ್ನು ಏನೂ ಇಲ್ಲ ಎಂದು ತಪ್ಪಾಗಿ ಗ್ರಹಿಸಿದ್ದಾರೆ. ಶಂಕೆ ಉಳಿದಿದ್ದರೆ ವೈದ್ಯರು ಕೆಲವು ವಾರಗಳ ನಂತರ ಮತ್ತೊಂದು ಎಕ್ಸ್-ರೇ ಅಥವಾ ಎಂಆರ್‌ಐ ಸೂಚಿಸಬಹುದು. ಎಂಆರ್‌ಐಯಲ್ಲಿ ಬಿರುಕು ಬೀಳುವ ಮುನ್ನ ಮೂಳೆಯೊಳಗೆ ಉಂಟಾಗುವ ಊತವೂ ಕಾಣುತ್ತದೆ. ಅದು ದುಬಾರಿ ಪರೀಕ್ಷೆಯಾದುದರಿಂದ ಎಲ್ಲರಿಗೂ ಅಗತ್ಯವಿಲ್ಲ. ವೈದ್ಯರ ಬಳಿ ಹೋಗುವಾಗ ಹಿಂದಿನ ನಾಲ್ಕು ವಾರಗಳಲ್ಲಿ ಯಾವ ದಿನ ಎಷ್ಟು ದೂರ ಓಡಲಾಯಿತು, ನೋವು ಎಂದು ಆರಂಭವಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಯ್ದರೆ ರೋಗ ಪತ್ತೆಗೆ ಬಹಳ ಸಹಾಯವಾಗುತ್ತದೆ. ಹಳೆಯ ಓಟದ ಶೂಗಳನ್ನೂ ತೋರಿಸಬಹುದು.

ವಿಶ್ರಾಂತಿಯ ಅವಧಿ

ಅಪಾಯ ಕಡಿಮೆ ಇರುವ ಬಿರುಕುಗಳಿಗೂ ಆರರಿಂದ ಎಂಟು ವಾರ ಓಟ ನಿಲ್ಲಿಸಬೇಕಾಗುತ್ತದೆ. ಇದನ್ನು ಕೇಳಿದ ಅಭ್ಯರ್ಥಿಗೆ ಇದುವರೆಗಿನ ಶ್ರಮವೆಲ್ಲಾ ಮಣ್ಣುಪಾಲಾಯಿತೆಂದು ತೋರುವುದು ಸಹಜ. ವಾಸ್ತವದಲ್ಲಿ ಅಷ್ಟು ನಷ್ಟವಾಗುವುದಿಲ್ಲ. ಮೊದಲ ಹತ್ತು ದಿನಗಳಲ್ಲಿ ಓಟದ ಸಾಮರ್ಥ್ಯ ಅತ್ಯಲ್ಪವಾಗಿ ಮಾತ್ರ ಇಳಿಯುತ್ತದೆ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಎಲ್ಲಾ ವ್ಯಾಯಾಮವನ್ನೂ ನಿಲ್ಲಿಸಿದಾಗ ಮೂರು ವಾರಗಳಲ್ಲಿ ಅವರ ದೇಹವು ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಸುಮಾರು ಶೇ. 7ರಷ್ಟು ಇಳಿದುದು ಕಂಡುಬಂದಿದೆ. ಅಭ್ಯರ್ಥಿಯು ಎಲ್ಲವನ್ನೂ ನಿಲ್ಲಿಸಬೇಕಾಗಿಯೂ ಇಲ್ಲ. ಸೈಕಲ್ ತುಳಿಯುವುದು, ಈಜು ಬಲ್ಲವರು ಕೆರೆ ಬಾವಿಗಳ ಬದಲು ಕಾವಲುಗಾರರಿರುವ ಈಜುಕೊಳದಲ್ಲಿ ಈಜುವುದು, ಎದೆಮಟ್ಟದ ನೀರಿನಲ್ಲಿ ಓಡುವುದು ಇವುಗಳಿಂದ ಮೂಳೆಗೆ ಹೊಡೆತ ಬೀಳದೆ ಉಸಿರಿನ ಶಕ್ತಿ ಉಳಿಯುತ್ತದೆ. ವೈದ್ಯರ ಒಪ್ಪಿಗೆ ಪಡೆದು, ನೋವು ಬಾರದ ಮಟ್ಟಿಗೆ, ಓಟಕ್ಕೆ ಮೀಸಲಿಟ್ಟಿದ್ದ ಹೊತ್ತಿನಲ್ಲಿಯೇ ಅಷ್ಟೇ ಸಮಯ ಸೈಕಲ್ ತುಳಿದರೆ ಬೆಳಿಗ್ಗೆ ಬೇಗ ಏಳುವ ರೂಢಿಯೂ ತಪ್ಪುವುದಿಲ್ಲ.

ಮರಳಿ ಓಟಕ್ಕೆ

ಮೊದಲ ಮೆಟ್ಟಿಲು ನಡಿಗೆ. ಬಿರುಸಾಗಿ 30 ನಿಮಿಷ ನಡೆದಾಗ, ನಡೆದ ಮರುದಿನವೂ, ನೋವಿಲ್ಲದಿದ್ದರೆ ಓಟದ ವಿಚಾರ ಮಾಡಬಹುದು. ಮೂಳೆಯ ಮೇಲೆ ಒತ್ತಿದಾಗಲೂ ನೋವಿರಕೂಡದು. ಆರಂಭದಲ್ಲಿ ಒಂದು ನಿಮಿಷ ನಿಧಾನದ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಬಾರಿ. ಅದೂ ದಿನ ಬಿಟ್ಟು ದಿನ. ಕ್ರಮೇಣ ಓಟದ ಪಾಲು ಹೆಚ್ಚಿಸಿ ನಡಿಗೆಯ ಪಾಲು ತಗ್ಗಿಸಬೇಕು. ಒಟ್ಟು ದೂರ ಮೊದಲಿನ ಮಟ್ಟಕ್ಕೆ ಬಂದ ನಂತರವಷ್ಟೇ ವೇಗ. ಅಭ್ಯರ್ಥಿಗಳು ಈ ಕ್ರಮವನ್ನು ತಲೆಕೆಳಗು ಮಾಡಿ, ಗುಣವಾಗಿದೆಯೇ ಎಂದು ಪರೀಕ್ಷಿಸಲು ಮೊದಲ ದಿನವೇ ಗಡಿಯಾರ ಹಿಡಿದು 1600 ಮೀಟರ್ ಓಡಿ ನೋಡುತ್ತಾರೆ. ಹೀಗೆ ಮಾಡಬಾರದು.

ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ದೂರ ಏರಿಸಬಾರದೆಂಬ ನಿಯಮ ಪ್ರಚಲಿತದಲ್ಲಿದೆ. 2008ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಈ ನಿಯಮ ಪಾಲಿಸಿದವರಲ್ಲಿಯೂ ಪಾಲಿಸದವರಲ್ಲಿಯೂ ಗಾಯಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದ್ದರಿಂದ ಅದನ್ನು ಕಾನೂನಿನಂತೆ ಭಾವಿಸದೆ, ಒಂದೇ ದಿನದಲ್ಲಿ ಹಠಾತ್ತನೆ ಹೆಚ್ಚು ಓಡುವುದನ್ನು ತಪ್ಪಿಸುವ ನೆನಪೋಲೆಯಾಗಿ ಇಟ್ಟುಕೊಳ್ಳಬಹುದು. ಗೆಳೆಯರೊಡನೆ ಪಂಥ ಕಟ್ಟಿ ಭಾನುವಾರ ಒಂದೇ ಬಾರಿಗೆ ಹತ್ತು ಕಿ.ಮೀ. ಓಡುವುದು ಇಂತಹ ಹಠಾತ್ ಏರಿಕೆಗೆ ಉದಾಹರಣೆ.

ನೆಲ, ಪಾದರಕ್ಷೆ, ಆಹಾರ

ರಸ್ತೆಯ ಅಂಚು ಸಾಮಾನ್ಯವಾಗಿ ಇಳಿಜಾರಾಗಿರುತ್ತದೆ. ಪ್ರತಿದಿನ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಟ್ರ್ಯಾಕಿನಲ್ಲಿಯೂ ಒಂದೇ ದಿಕ್ಕಿನ ತಿರುವು ಅದೇ ಪರಿಣಾಮ ಬೀರುವುದರಿಂದ ನಿಧಾನದ ಓಟದ ದಿನಗಳಲ್ಲಿ ಮೈದಾನ ಖಾಲಿಯಿದ್ದರೆ ವಿರುದ್ಧ ದಿಕ್ಕಿನಲ್ಲಿಯೂ ಸುತ್ತಬಹುದು. ತೆಳು ಅಡಿಯ ಕ್ಯಾನ್ವಾಸ್ ಶೂಗಳಿಂದ ಹೊಸ ಶೂಗಳಿಗಾಗಲಿ, ಶೂಗಳಿಂದ ಬರಿಗಾಲಿಗಾಗಲಿ ಪರೀಕ್ಷೆಗೆ ಎರಡು ವಾರ ಇರುವಾಗ ಬದಲಾಯಿಸುವುದು ಸೂಕ್ತವಲ್ಲ. ದುಬಾರಿ ಶೂ ಗಾಯವನ್ನು ತಡೆಯುತ್ತದೆ ಎಂಬುದಕ್ಕೆ ಖಚಿತ ಆಧಾರವಿಲ್ಲ. ಕಾಲಿಗೆ ಹಿತವಾಗಿ ಕೂರುವ, ಅಡಿ ಸವೆಯದ ಜೋಡಿಯಿದ್ದರೆ ಸಾಕು.

ಮೂಳೆ ಕಟ್ಟಲು ಸುಣ್ಣದ ಅಂಶ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ. ಕ್ಯಾಲ್ಸಿಯಂ ಶಿಫಾರಸು ಮಾಡಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಇರುತ್ತದೆ, ಆದರೂ ಅದಷ್ಟೂ ದೇಹಕ್ಕೆ ಹತ್ತುವುದಿಲ್ಲವಾದ್ದರಿಂದ ಮುದ್ದೆಯ ಜೊತೆಗೆ ಹಾಲು, ಮಜ್ಜಿಗೆ, ಸೊಪ್ಪು ಇರಲಿ. ತೂಕ ಇಳಿಸಲು ಊಟ ಬಿಟ್ಟು ಓಡುವುದು ಅತ್ಯಂತ ಹಾನಿಕರ. ಖರ್ಚಾದ ಶಕ್ತಿಗೆ ತಕ್ಕ ಆಹಾರ ಸಿಗದಿದ್ದರೆ ದೇಹವು ಮೊದಲು ಮೂಳೆಯ ದುರಸ್ತಿಯಂತಹ ಕೆಲಸಗಳಿಗೆ ಕಡಿತ ಮಾಡುತ್ತದೆ.

ಮಹಿಳಾ ಅಭ್ಯರ್ಥಿಗಳಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ. ಅಭ್ಯಾಸ ಆರಂಭಿಸಿದ ನಂತರ ಮುಟ್ಟು ನಿಂತುಹೋದರೆ ಅಥವಾ ತೀರಾ ಅನಿಯಮಿತವಾದರೆ ಅದನ್ನು ಓಟದಿಂದ ಆಗುವ ಸಹಜ ಸಂಗತಿ ಎಂದು ಭಾವಿಸಬಾರದು. ಮೂಳೆಯ ಬಿರುಕಿಗೆ ಅದು ಮುನ್ಸೂಚನೆ. ಈ ವಿಷಯವನ್ನು ತರಬೇತುದಾರರ ಬಳಿ ಹೇಳಲು ಸಂಕೋಚವಾಗುವುದು ಸಹಜವಾದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳಿತು, ಏಕೆಂದರೆ ಉಸಿರು ಸಾಲದಿರುವುದಕ್ಕೆ ಅಭ್ಯಾಸದ ಕೊರತೆಯ ಬದಲು ಕಬ್ಬಿಣಾಂಶದ ಕೊರತೆ ಕಾರಣವಾಗಿರಬಹುದು.

ಪರೀಕ್ಷೆಯ ದಿನಾಂಕ ಹತ್ತಿರವಿರುವಾಗ

ಪ್ರವೇಶ ಪತ್ರ ಕೈಸೇರಿದೆ, ಹತ್ತು ದಿನ ಉಳಿದಿದೆ, ಕಾಲು ನೋಯುತ್ತಿದೆ. ಅಭ್ಯರ್ಥಿಗಳು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ ಆಗಿದೆ. ಈ ಹತ್ತು ದಿನಗಳಲ್ಲಿ ಎಷ್ಟೇ ಕಠಿಣವಾಗಿ ಓಡಿದರೂ ಹೊಸ ಸಾಮರ್ಥ್ಯ ಬಹಳವೇನೂ ಕೂಡುವುದಿಲ್ಲ, ಇರುವುದನ್ನು ಹಾಳುಗೆಡಹಬಹುದು. ಅದುವರೆಗೆ ಎರಡು ತಿಂಗಳು ಅಭ್ಯಾಸ ಮಾಡಿರುವ ಅಭ್ಯರ್ಥಿಯು ಸ್ನಾಯು ಅಥವಾ ರಜ್ಜುವಿನ ನೋವಿದ್ದಲ್ಲಿ ಓಟವನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಸೈಕಲ್‌ನಿಂದ ಉಸಿರನ್ನು ಕಾಪಾಡಿಕೊಂಡು, ಪರೀಕ್ಷೆಯ ದಿನ ಹದಿನೈದು ನಿಮಿಷ ಮೈ ಕಾಯಿಸಿ ಓಡುವುದು ಅನೇಕ ಬಾರಿ ಸಾಧ್ಯವಾಗುತ್ತದೆ. ಮೊದಲ ಸುತ್ತನ್ನು 97 ಸೆಕೆಂಡಿನ ಆಸುಪಾಸಿನಲ್ಲಿ ಇಟ್ಟುಕೊಳ್ಳುವವರು, 80 ಸೆಕೆಂಡಿನಲ್ಲಿ ಮುಗಿಸಿ ಮೂರನೆಯ ಸುತ್ತಿನಲ್ಲಿ ಕುಂಟುವವರಿಗಿಂತ ಮುಂದಿರುತ್ತಾರೆ. ಅರ್ಹತೆ ಮಾತ್ರ ಬೇಕಿರುವ ಪರೀಕ್ಷೆಯಲ್ಲಿ 6 ನಿಮಿಷ 20 ಸೆಕೆಂಡಿಗೂ 5 ನಿಮಿಷ 20 ಸೆಕೆಂಡಿಗೂ ಫಲಿತಾಂಶ ಒಂದೇ.

ಮೂಳೆಯಲ್ಲಿ ಬಿರುಕಿದೆ ಎಂದು ವೈದ್ಯರು ಹೇಳಿದ್ದಲ್ಲಿ ಸ್ಥಿತಿ ಬೇರೆ. ಓಡಿ ತೇರ್ಗಡೆಯಾದರೂ ಆಯ್ಕೆಯ ಮುಂದಿನ ಹಂತ ವೈದ್ಯಕೀಯ ಪರೀಕ್ಷೆ, ಅದರ ಮುಂದಿನದು ಹಲವು ತಿಂಗಳ ತರಬೇತಿ. ಕೂಡಿಕೊಳ್ಳದ ಮೂಳೆಯೊಂದಿಗೆ ಕವಾಯತು ಮೈದಾನದಲ್ಲಿ ಅದನ್ನು ಪೂರೈಸುವುದು ಕಷ್ಟ. ಒಂದು ನೇಮಕಾತಿಯನ್ನು ಬಿಟ್ಟುಕೊಡಬೇಕಾದ ನಿರ್ಧಾರ ಯಾರಿಗೂ ಸುಲಭವಲ್ಲ, ಮನೆಯಲ್ಲಿ ಸಾಲ ಮಾಡಿ ತರಬೇತಿಗೆ ಕಳುಹಿಸಿದವರಿಗೆ ಇನ್ನೂ ಕಷ್ಟ. ಈ ನಿರ್ಧಾರವನ್ನು ಅಭ್ಯರ್ಥಿಯೊಬ್ಬರೇ ಕುಳಿತು ತೆಗೆದುಕೊಳ್ಳದೆ ಪೋಷಕರೊಂದಿಗೆ ವೈದ್ಯರ ಎದುರು ಕುಳಿತು ತೆಗೆದುಕೊಳ್ಳುವಂತೆ ಸಲಹೆ ನೀಡಲಾಗಿದೆ.

ಗಾಯದ ಕಾರಣ ದಿನಾಂಕ ಬದಲಾವಣೆ ಕೋರಬಹುದೇ ಎಂಬುದು ಸಂಪೂರ್ಣವಾಗಿ ಆಯಾ ಅಧಿಸೂಚನೆಯ ಷರತ್ತುಗಳನ್ನು ಅವಲಂಬಿಸಿರುತ್ತದೆ. ಅನೇಕ ಅಧಿಸೂಚನೆಗಳಲ್ಲಿ ಇದಕ್ಕೆ ಅವಕಾಶವಿರುವುದಿಲ್ಲ. ಅವಕಾಶವಿರುವಲ್ಲಿ ಮನವಿಯನ್ನು ಪರೀಕ್ಷೆಯ ದಿನಾಂಕಕ್ಕೆ ಮುಂಚಿತವಾಗಿ ನೇಮಕಾತಿ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಮನವಿಯೊಂದಿಗೆ ಪ್ರವೇಶ ಪತ್ರದ ಪ್ರತಿ, ಹೊರರೋಗಿ ಚೀಟಿ, ಎಕ್ಸ್-ರೇ ಅಥವಾ ಎಂಆರ್‌ಐ ವರದಿ, ದಿನಾಂಕ ಮತ್ತು ನೋಂದಣಿ ಸಂಖ್ಯೆ ಸಹಿತ ವೈದ್ಯರ ಪ್ರಮಾಣ ಪತ್ರ ಇವುಗಳ ಪ್ರತಿಗಳನ್ನು ಲಗತ್ತಿಸಬೇಕು. ಮೂಲ ದಾಖಲೆಗಳನ್ನು ಅಭ್ಯರ್ಥಿಯು ತನ್ನ ಬಳಿಯೇ ಇಟ್ಟುಕೊಳ್ಳುವುದು.